ಎತ್ತುವಾಕಿ ಗ್ಯಾನಮ್ಮ, ಹಿಡಿಯುವಾಕಿ ನಾನು

ಆ ಹುಡುಗರ ಸುದ್ದಿ ಮೊದಲ ಸಲ ನನ್ನ ಕಿವಿಗೆ ಬಿದ್ದ ದಿನ ನಾನೂ ಗ್ಯಾನಮ್ಮನೂ ಮಸ್ಕಿಯ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆವು. ಎಂಬತ್ತಾರನೇ ಇಸವಿ, ಯುಗಾದಿ ಇನ್ನೂ ಬಂದಿರಲಿಲ್ಲ. ಘಾಟಿಗೆ ಒಬ್ಬರು ಸೀನಿದರೆ ಇನ್ನೊಬ್ಬರು ಕೆಮ್ಮುವುದು, ನಡುವೆ ನಗುವುದು ನಡೆದಿತ್ತು. ಕಿರಾಣಿ ಅಂಗಡಿಗೆ ಬಾಗಿಲು ಹಾಕಿ ಊಟಕ್ಕೆ ಬಂದ ನಮ್ಮ ಮನೆಯವರು ಕಾಲಿಗೆ ನೀರು ಹಾಕಿಕೊಳ್ಳುತ್ತಾ ಹೇಳಿದರು:

"ಸಿಂಧನೂರಾಗ ರಾಕ್ ಬ್ಯಾಂಡ್ ಅಂತ ಒಂದು ಹೊಸಾದು ಹುಟ್ಟೈತಂತ."

"ರೊಕ್ಕದ ಬ್ಯಾಂಡಾ?" ಎಂದೆ.

"ರೊಕ್ಕಲ್ಲ, ರಾಕ್."

ಗ್ಯಾನಮ್ಮ ಸೆರಗಿನಿಂದ ಮೂಗು ಒತ್ತಿಕೊಂಡು ಕೇಳಿದಳು: "ರೊಕ್ಕ ಕೊಡಾವರೋ ಇಸಗೊಳ್ಳಾವರೋ ಅಣ್ಣಾರ?"

"ನಿಮ್ಮಿಬ್ಬರ ಮುಂದ ಸುದ್ದಿ ಹೇಳಾಕ ಬಂದೆನಲ್ಲ, ನನಗ ಬುದ್ಧಿಲ್ಲ" ಎಂದು ಅವರು ಒಳಗೆ ಹೋದರು.

ಉಳಿದದ್ದು ರೊಟ್ಟಿ ಬಡಿಸುವಾಗ ತಿಳಿಯಿತು. ವೆಂಕೋಬ ಅಂತ ಒಬ್ಬ ಹುಡುಗ, ಸಿಂಧನೂರಿನ ಕಾಳುಕಡಿ ವ್ಯಾಪಾರದವರ ಮಗ. ಹೈದರಾಬಾದಿಗೆ ಓದಲು ಹೋದವನು ಓದನ್ನು ಅಲ್ಲೇ ಬಿಟ್ಟು ಕರೆಂಟಿನ ಗಿಟಾರ್ ಒಂದನ್ನು ಹೊತ್ತುಕೊಂಡು ಬಂದಿದ್ದ. ವಳಕಮದಿನ್ನಿಯ ನರಸಣ್ಣ ಡ್ರಮ್ಮು ಬಡಿಯುತ್ತಿದ್ದ. ಇನ್ನೂ ಒಂದಿಬ್ಬರು ಸೇರಿದ್ದರು. ಎಲ್ಲರೂ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದವರು, ಹಾಗಾಗಿ ತಮ್ಮ ಮೇಳಕ್ಕೆ 'ಎಡದಂಡೆ' ಅಂತಲೇ ಹೆಸರಿಟ್ಟುಕೊಂಡಿದ್ದರು. ಆ ವೆಂಕೋಬನ ತಂಗಿಯ ಮದುವೆ ಗೊತ್ತಾಗಿತ್ತು. ಸೋಬಾನೆ ಹಾಡಲು ನಮ್ಮಿಬ್ಬರಿಗೂ ಕರೆ ಬಂದಿತ್ತು.

ನಮ್ಮಿಬ್ಬರಿಗೂ ಅಂತ ಬರೆದೆ. ಆಗ ನಮ್ಮನ್ನು ಬಿಡಿಸಿ ಕರೆಯುವವರೇ ಇರಲಿಲ್ಲ. 'ಗ್ಯಾನಮ್ಮ-ಗುರುಲಿಂಗಮ್ಮ' ಅಂತ ಒಂದೇ ಉಸಿರಿನಲ್ಲಿ ಕರೆಯುತ್ತಿದ್ದರು. ಇಬ್ಬರೂ ಸಂತೆಕಲ್ಲೂರಿನವರು. ನಮ್ಮ ಹೊಲ ಮತ್ತು ಅವರ ಹೊಲ ಒಂದೇ ಬದುವಿನ ಆಚೆ ಈಚೆ. ಅವಳು ಕುರುಬರ ಮನೆಯ ಹುಡುಗಿ, ನಾನು ಲಿಂಗಾಯತರವಳು. ಜೋಳದ ಹೊಲದಲ್ಲಿ ಕಸ ತೆಗೆಯುವಾಗ ಅವಳು ಆಚೆಯಿಂದ ಹಾಡು ಎತ್ತುತ್ತಿದ್ದಳು, ನಾನು ಈಚೆಯಿಂದ ಹಿಡಿಯುತ್ತಿದ್ದೆ. ಮುಂದೆ ಇಬ್ಬರನ್ನೂ ಮಸ್ಕಿಗೇ ಕೊಟ್ಟರು.

ನಮ್ಮ ಕಡೆ ಸೋಬಾನೆ ಒಬ್ಬರೇ ಹಾಡುವ ಹಾಡಲ್ಲ. ಎತ್ತುವಾಕಿ ಒಬ್ಬಳು, ಹಿಡಿಯುವಾಕಿ ಒಬ್ಬಳು. ಎತ್ತುವಾಕಿ ಸಾಲನ್ನು ತೆಗೆದುಕೊಂಡು ಹೋಗಿ ಕೊನೆಯ ಮಾತನ್ನು ಹಾಡದೆ ಬಿಡಬೇಕು. ಆ ಮಾತನ್ನು ಹಿಡಿಯುವಾಕಿ ಹಿಡಿದು ಎಳೆಯಬೇಕು. ಅಷ್ಟರಲ್ಲಿ ಎತ್ತುವಾಕಿ ಉಸಿರು ತುಂಬಿಕೊಂಡು ಮುಂದಿನ ಸಾಲಿಗೆ ಹೋಗಬೇಕು. ಎತ್ತುವಾಕಿ ಕೊನೆಯ ಮಾತನ್ನು ತಾನೇ ಹಾಡಿಬಿಟ್ಟರೆ, ಮತ್ತೊಬ್ಬಳ ತಟ್ಟೆಗೆ ಕೈ ಹಾಕಿದಷ್ಟು ಅಸಹ್ಯ. ಗ್ಯಾನಮ್ಮ ಬಲಕ್ಕೆ ಕೂರುವಳು, ಬಲಗೈಯನ್ನು ಕಿವಿಗೆ ಕೊಟ್ಟುಕೊಂಡು ಹಾಡುವಳು. ನಾನು ಎಡಕ್ಕೆ. ಸಾಲು ಮುಗಿಯುತ್ತಾ ಬಂದಾಗ ಅವಳ ಕತ್ತು ತಾನಾಗಿ ನನ್ನ ಕಡೆ ಹೊರಳುತ್ತಿತ್ತು.

ಸಿಂಧನೂರಿನ ಆ ಮದುವೆಯಲ್ಲಿ ಮದುಮಕ್ಕಳಿಗೆ ಸುರಗಿ ನೀರು ಹಾಕುವ ಹೊತ್ತಿಗೆ ನಾವು ಬೀಗ್ತಿಯನ್ನು ಕಾಡಿಸುವ ಹಾಡು ತೆಗೆದೆವು.

ಬೀಗ್ತಿ ಬಂದಾಳ ನೋಡ ಬಿನ್ನಾಣ ಮಾಡುತ್ತ,
ಉಟ್ಟ ಸೀರಿ ಯಾರದು ಕೇಳಿರೇ...

ಇಲ್ಲಿ ಅವಳು ಬಿಡುತ್ತಾಳೆ. ನಾನು ಹಿಡಿಯುತ್ತೇನೆ: "ನಮದು." ಮುಂದೆ ತೋಳಿನ ವಂಕಿ ಬರುತ್ತದೆ, ಅದೂ "ನಮದು". ಕಾಲುಂಗುರ, ಕೊನೆಗೆ ಎದೆಯುಬ್ಬಿಸಿ ನಿಂತ ಬೀಗ್ತಿಯ ಮಗ, ಎಲ್ಲವೂ "ನಮದು". ಪ್ರತಿ ಸಲವೂ ಆ ಒಂದು ಮಾತನ್ನು ಬೇರೆ ಬೇರೆ ಮಾಡಿ ಹೇಳಬೇಕು. ಒಮ್ಮೆ ಮುದ್ದಿನಿಂದ, ಒಮ್ಮೆ ಕೊಂಕಿನಿಂದ, ಒಮ್ಮೆ ಜಗಳಕ್ಕೆ ನಿಂತವಳ ಹಾಗೆ. ಸಾಲು ಯಾರು ಬೇಕಾದರೂ ಹಾಡಬಹುದು, ನಗು ಬರುವುದು ಹಿಡಿಯುವಾಕಿಯ ಮಾತಿಗೆ. ಆ ದಿನವೂ ಹಂದರವೆಲ್ಲ ನಕ್ಕಿತು. ವೆಂಕೋಬ ಉದ್ದ ಕೂದಲು ಬಿಟ್ಟುಕೊಂಡು ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದ. ನಾನು ಅವನನ್ನು ನೋಡಿದೆ. ಅವನು ಗ್ಯಾನಮ್ಮನನ್ನು ನೋಡುತ್ತಿದ್ದ.

ವಾರ ಕಳೆಯುವಷ್ಟರಲ್ಲಿ ಮಸ್ಕಿಗೆ ಬಂದ. ಗ್ಯಾನಮ್ಮನ ಮನೆಯಲ್ಲಿ ಕೂರಲು ಜಾಗವಿಲ್ಲ ಅಂತ ಮಾತು ನಮ್ಮ ಪಡಸಾಲೆಯಲ್ಲೇ ನಡೆಯಿತು. ನಾನು ಚಹಾ ತಂದಿಟ್ಟು ಬಾಗಿಲ ಸಂದಿಯಲ್ಲಿ ನಿಂತೆ. ಹೊಸ ಸೀರೆ ಉಟ್ಟುಕೊಂಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

"ನಮ್ಮ ಜೋಡಿ ಹಾಡಾಕ ಬರ್ರೆವ್ವಾ. ನಿಮ್ಮ ಹಾಡಿಗೆ ನಾವು ಗಿಟಾರ್ ಕೂಡಸ್ತೀವಿ. ಊರೂರಿಗೆ ಹೋಗೋಣು" ಎಂದ ವೆಂಕೋಬ.

ಗ್ಯಾನಮ್ಮ ನನ್ನ ಕಡೆ ಕೈ ಮಾಡಿ, "ಆಕಿ ಮನ್ಯಾಗ ಬಿಡಬೇಕಲ್ಲ" ಎಂದಳು.

"ಎತ್ತೋರು ನೀವೊಬ್ರು ಬಂದ್ರ ಸಾಕ್ರಿ. ಹಿಡಿಯಾಕ ನಮ್ಮ ಹುಡುಗ್ರು ಅದಾರ."

ನಮ್ಮ ಮನೆಯವರು ಏನು ಅನ್ನುತ್ತಿದ್ದರೋ, ಬಿಡುತ್ತಿದ್ದರೋ ಬಿಡುತ್ತಿರಲಿಲ್ಲವೋ, ಅದು ಬೇರೆ ಮಾತು. ಆ ಹುಡುಗ ಕೇಳಲೇ ಇಲ್ಲ. ಹುಳಿ ಹಿಂಡಿ ಉಳಿದ ಹುಣಸೆ ಸಿಪ್ಪೆಯನ್ನು ಪಕ್ಕಕ್ಕೆ ಸರಿಸುವ ಹಾಗೆ ಸರಿಸಿದ. ಗ್ಯಾನಮ್ಮ ಈಗ ಎದ್ದು ಹೋಗುತ್ತಾಳೆ, 'ಗುರಮ್ಮ ಇಲ್ಲದ ಹಾಡು ನನಗೂ ಬೇಡ' ಅನ್ನುತ್ತಾಳೆ ಅಂತ ಕಾದೆ. ಅವಳು ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳಿ ಕೇಳಿದ್ದು ಇಷ್ಟು:

"ಗಾಡ್ಯಾಗ ಮುಂದ ಕುಂದರಸ್ತೀರೇನಪ?"

ಅವಳ ಗಂಡ ಗದ್ದೆಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ಮಾತು ಕಡಿಮೆ. ಅವನೂ ಕೇಳಿದ: "ನನಗೂ ಏನರ ಕೆಲಸ ಐತೇನ್ರಿ?" ಡ್ರಮ್ಮು ಹೊರುವ ಕೆಲಸ ಕೊಟ್ಟರು. "ಅಕ್ಕಿ ಚೀಲಕಿಂತ ಹಗುರ. ಮ್ಯಾಲ ಒಳಗ ಖಾಲಿ" ಎಂದು ಎಷ್ಟೋ ದಿನ ಆಶ್ಚರ್ಯಪಡುತ್ತಿದ್ದ.

ಮೊದಲು ಕೆಲವು ದಿನ ಸಿಂಧನೂರಿನ ಒಂದು ಗೋದಾಮಿನಲ್ಲಿ ತಾಲೀಮು ನಡೆಯಿತು. ಸಂಜೆ ಬಸ್ಸಿಳಿದು ಗ್ಯಾನಮ್ಮ ನೆಟ್ಟಗೆ ನಮ್ಮ ಮನೆಗೇ ಬರುತ್ತಿದ್ದಳು.

"ಆ ಹುಡುಗ್ರು ನಮದು ಅಂತ ಹೆಂಗ ಅಂತಾವ ಗೊತ್ತೇನ ಬೇ? ಕಳುವಾದ ಎಮ್ಮಿ ಸಿಕ್ಕಾಗ ಒದರಿದಂಗ."

"ನರಸಣ್ಣಗ ಹೇಳಿಕೊಡು."

"ಹೇಳಿದೆ. ಅಂವ ಡ್ರಮ್ಮಿನ ಏಟಿಗೆ ಬರೋಬರಿ ಹಿಡೀತಾನ. ನನಗ ಉಸಿರು ತಗೊಳ್ಳಾಕ ಬಿಡಂಗಿಲ್ಲ. ನೀ ಆದರ ನನ್ನ ಉಸಿರು ನೋಡಿ ಹಿಡೀತಿದ್ದಿ."

ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಎಡದಂಡೆಯ ಜೊತೆ ಅವಳು ಮೊದಲು ಹಾಡಿದ್ದು ಲಿಂಗಸುಗೂರಿನಲ್ಲಿ. ನಮ್ಮ ಮನೆಯವರಿಗೆ ಅಲ್ಲಿ ಬೆಲ್ಲದ ವ್ಯಾಪಾರಿಯ ಹತ್ತಿರ ಕೆಲಸವಿತ್ತು, ನಾನೂ ಜೊತೆಗೆ ಹೊರಟೆ. ಅವಳನ್ನು ನೋಡಲು ಹೋದೆ ಅಂತ ಅವರು ತಿಳಿದರು. ಅವಳಿಲ್ಲದೆ ನಾನು ಹೇಗೋ, ನಾನಿಲ್ಲದೆ ಅವಳೂ ಹಾಗೇ ಅಂತ ಕಣ್ಣಾರೆ ನೋಡಲು ಹೋಗಿದ್ದೆ.

ದೀಪ ಹಚ್ಚುವ ಹೊತ್ತು. ಎರಡು ಟ್ರ್ಯಾಕ್ಟರ್ ಟ್ರಾಲಿಗಳನ್ನು ಜೋಡಿಸಿ ವೇದಿಕೆ ಮಾಡಿದ್ದರು. ಹೆಂಗಸರಿಗೆ ಮುಂದೆ ತಾಡಪಾಲು ಹಾಸಿದ್ದರು. ನಾನು ಅವಳಿಗೆ ಎಡವಾಗುವ ಕಡೆಗೇ ಹೋಗಿ ಕೂತೆ, ಅಭ್ಯಾಸ. ಹುಡುಗರು ಮೊದಲು ತಮ್ಮವೇ ಹಾಡು ಹಾಡಿದರು. ಗಿಟಾರಿನ ಸದ್ದು ತಗಡಿನ ಮೇಲೆ ಸಲಿಕೆ ಎಳೆದಂತಿತ್ತು. ಜನ ಶೇಂಗಾ ತಿನ್ನುತ್ತಾ ಮಾತಾಡುತ್ತಿದ್ದರು, ಹಿಂದಿನವರು ಎದ್ದು ಹೊರಡತೊಡಗಿದ್ದರು. ನನಗೆ ತಡೆಯಲಾರದಷ್ಟು ಹಿಗ್ಗು. ಆಗ ಗ್ಯಾನಮ್ಮ ಬಂದಳು. ಹಸಿರು ಇಳಕಲ್ ಸೀರೆ, ಬರಿಗಾಲು. ಮುಂದಿನ ಹಲ್ಲು ಚೂರು ಮುರಿದಿತ್ತು. ಅದನ್ನು ಮುಚ್ಚಿಕೊಳ್ಳದೆ ನಕ್ಕು, ಬಲಗೈಯನ್ನು ಕಿವಿಗೆ ಕೊಟ್ಟುಕೊಂಡಳು.

ಬೀಗ್ತಿ ಬಂದಾಳ ನೋಡ ಬಿನ್ನಾಣ ಮಾಡುತ್ತ,
ಉಟ್ಟ ಸೀರಿ ಯಾರದು ಕೇಳಿರೇ...

ಆ 'ಕೇಳಿರೇ'ಯನ್ನು ಅವಳು ತಾಲೀಮಿನ ಹಾಗೆ ಎಳೆಯಲಿಲ್ಲ, ನನ್ನ ಜೊತೆ ಎಳೆಯುತ್ತಿದ್ದ ಹಾಗೆ ಎಳೆದಳು. ನರಸಣ್ಣನ ಏಟು ಬಂದು ಹೋಯಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ವೆಂಕೋಬನ ಕೈ ತಂತಿಯ ಮೇಲೆ ನಿಂತುಬಿಟ್ಟಿತು. ಯಾರೂ ಹಿಡಿಯಲಿಲ್ಲ. ಗ್ಯಾನಮ್ಮನ ಕತ್ತು ಎಡಕ್ಕೆ ಹೊರಳಿತು. ಅಷ್ಟು ಜನರ ನಡುವೆ ಅವಳ ಕಣ್ಣು ಬಂದು ನನ್ನ ಮೇಲೆ ನಿಂತಿತು.

ಆ ಮಾತು ನನ್ನ ಬಾಯಿ ತುಂಬ ಇತ್ತು. ನಾನು ಹಲ್ಲು ಕಚ್ಚಿಕೊಂಡೆ. ಹಿಡಿಯಲು ಹುಡುಗರಿದ್ದಾರಲ್ಲ, ಹಿಡಿಯಲಿ.

ಆಗ ಹಿಂದೆ ಶೇಂಗಾ ಬಂಡಿಯ ಹತ್ತಿರದಿಂದ ಯಾವಳೋ ಒಬ್ಬ ಮುದುಕಿ, ಅನ್ನದೆ ಇರಲಾಗದವಳ ಹಾಗೆ, "ನಮದು" ಎಂದಳು. ಜನ ನಕ್ಕರು. ಗ್ಯಾನಮ್ಮನೂ ನಕ್ಕಳು, ಅಷ್ಟರಲ್ಲಿ ಉಸಿರು ತುಂಬಿಕೊಂಡಳು. ತೋಳಿನ ವಂಕಿಗೆ ಬರುವಷ್ಟರಲ್ಲಿ ಹೆಂಗಸರ ತಾಡಪಾಲು ಪೂರ್ತಿ "ನಮದು" ಎಂದಿತು. ಕಾಲುಂಗುರಕ್ಕೆ ಗಂಡಸರೂ ಸೇರಿದರು. ಎದ್ದು ಹೊರಟವರು ತಿರುಗಿ ಬಂದು ಕೂತರು. ಬೀಗ್ತಿಯ ಮಗನ ಸಾಲಿಗೆ ಬಂದಾಗ ಆ ಒಂದು ಮಾತು ಬಸ್ ಸ್ಟ್ಯಾಂಡಿನ ತನಕ ಕೇಳಿಸಿತಂತೆ. ಆ ಮೈದಾನದಲ್ಲಿ ಬಾಯಿ ಮುಚ್ಚಿಕೊಂಡು ಕೂತವಳು ನಾನೊಬ್ಬಳೇ.

ಎಡದಂಡೆಗೆ ಜನ ಕೂಡಿದ್ದು ಗಿಟಾರಿನಿಂದ ಅಂತ ವೆಂಕೋಬ ಎಲ್ಲ ಕಡೆ ಹೇಳಿಕೊಂಡು ತಿರುಗಿದ. ನನ್ನ ಮುಚ್ಚಿದ ಬಾಯಿಯಿಂದ ಅಂತ ನಾನು ಈಗಲೂ ಹೇಳುತ್ತೇನೆ. ನಾನು ತೆರೆದಿದ್ದರೆ ಅವರು ತೆರೆಯುತ್ತಿರಲಿಲ್ಲ.

ವೆಂಕೋಬ ಜಾಣ. ಮರುದಿನದಿಂದಲೇ ಹುಡುಗರ ಹಿಡಿತ ತೆಗೆದುಹಾಕಿದ. 'ಕೇಳಿರೇ' ಬಂದಾಗ ಗಿಟಾರು, ಡ್ರಮ್ಮು ಎಲ್ಲ ಬಂದ್. ಜನ ಹಿಡಿಯಬೇಕು. ಆಮೇಲೆ ಊರಿಗೊಂದು ಸಾಲು ಕಟ್ಟುವುದನ್ನು ಗ್ಯಾನಮ್ಮನೇ ಸುರುಮಾಡಿದಳು. ಸಿಂಧನೂರಿನಲ್ಲಿ ಎಡದಂಡ್ಯಾಗ ಹರಿಯೋ ನೀರು ಯಾರದು ಅಂತ ಕೇಳಿದಳು. ಹಟ್ಟಿಯಲ್ಲಿ ಗಣಿಯ ಪಾಳಿ ಮುಗಿಸಿ ಬಂದವರು ಮೈ ತೊಳೆಯದೆ ನಿಂತಿದ್ದರಂತೆ. ಅವರ ಮುಂದೆ, ನೆಲದಾಗಿನ ಬಂಗಾರ ಯಾರದು ಕೇಳಿರೇ ಅಂದಳಂತೆ. ಅವರು "ನಮದು" ಅಂದದ್ದಕ್ಕೆ ಕಂಪನಿಯ ಸಾಹೇಬರು ಕುರ್ಚಿಯಿಂದ ಎದ್ದು ನಿಂತರು ಅಂತ ಗದ್ದೆಪ್ಪ ಹೇಳಿದ. ಅವನು ಸುಳ್ಳು ಹೇಳುವವನಲ್ಲ, ಆದರೆ ಡ್ರಮ್ಮಿನ ಹಿಂದೆ ಕೂತಿರುತ್ತಿದ್ದ, ಎಷ್ಟು ಕಂಡನೋ. ಆಮೇಲೆ ಊರ ಪಡ್ಡೆ ಹುಡುಗರು ಟೆಂಪೋ ಮಾಡಿಕೊಂಡು ಅವರ ಗಾಡಿಯ ಹಿಂದೆ ಊರೂರು ತಿರುಗತೊಡಗಿದರು. ಯಾವ ಊರಿಗೆ ಹೋದರೂ ಅಲ್ಲಿಯ ಹೆಂಗಸರು ಗ್ಯಾನಮ್ಮನಿಗೆ ಬಳೆ ಇಡಿಸುತ್ತಿದ್ದರು. ಮೊಣಕೈ ತನಕ ಬಳೆ. ನಮ್ಮ ಪಡಸಾಲೆಗೆ ಬಂದು ಕೂತರೆ ಕೈ ಎತ್ತಿ ಇಳಿಸಿದಾಗೊಮ್ಮೆ ಸದ್ದು.

"ಅಷ್ಟೊಂದು ಬಳಿ ಹಾಕ್ಕೊಂಡು ರೊಟ್ಟಿ ಹೆಂಗ ಬಡೀತಿ?" ಎಂದೆ ಒಮ್ಮೆ.

"ರೊಟ್ಟಿ ಎಲ್ಲಿ ಬಡೀತೀನಿ? ಖಾನಾವಳ್ಯಾಗ ಉಂತೀವಿ."

"ನಿನ್ನ ಗಂಡಗ?"

"ಅಂವಗ ನರಸಣ್ಣ ಅನ್ನ ಸಾರಿನ ರೂಢಿ ಹಚ್ಯಾನ. ರೊಟ್ಟಿ ಕೇಳೋದಽ ಬಿಟ್ಟಾನ."

"ಹೌದಬೇ. ಎಲ್ಲಾರೂ ಒಂದೊಂದು ಬಿಟ್ಟೀರಿ."

ಅವಳು ನನ್ನನ್ನು ನೋಡಿದಳು. "ನೀನೂ ಒಮ್ಮಿ ಬಾ. ವೆಂಕೋಬಗ ನಾ ಹೇಳತೀನಿ. ಮುಂದಿನ ಸೀಟಿನ್ಯಾಗ ಇಬ್ಬರು ಹಿಡೀತೀವಿ."

"ನಾ ಯಾಕ ಬರಲಿ? ನಿನ್ನ ಎಡಕ್ಕ ಈಗ ಊರಿಗೆ ಊರಽ ಕುಂತೈತಿ. ನನಗ ಜಾಗ ಎಲ್ಲೈತಿ?"

"ನಿನಗ ಸೊಕ್ಕು ಬಾಳ" ಎಂದಳು ಗ್ಯಾನಮ್ಮ, ಬಳೆಗಳನ್ನು ಮೇಲೆ ಸರಿಸಿಕೊಳ್ಳುತ್ತಾ.

"ಸೊಕ್ಕಿಲ್ಲ. ಹೊಟ್ಟಿಕಿಚ್ಚು" ಎಂದೆ. ಅವಳು ಚೇಷ್ಟೆ ಅಂದುಕೊಂಡು ನಕ್ಕಳು. ನಾನೂ ನಕ್ಕೆ, ಇನ್ನೇನು ಮಾಡಲಿ.

ನಾನು ಕೈಕಟ್ಟಿ ಕೂತಿರಲಿಲ್ಲ. ನಮ್ಮ ಓಣಿಯ ಶೇಖರಮ್ಮನನ್ನು ಜೋಡಿ ಮಾಡಿಕೊಂಡೆ. ಅವಳ ಕಂಠ ಚಲೋ ಇತ್ತು. ಆದರೆ ಅವಳಿಗೆ ಕೊನೆಯ ಮಾತು ಬಿಡುವುದೇ ಬರಲಿಲ್ಲ. ಎಷ್ಟು ಹೇಳಿದರೂ ಸಾಲು ಪೂರ್ತಿ ಹಾಡಿ, "ನಮದು" ಎಂಬುದನ್ನೂ ತಾನೇ ಹಾಡಿ, ಆಮೇಲೆ ನನ್ನ ಕಡೆ ನೋಡುವಳು.

"ನನಗೇನು ಉಳಿಸಿದಿ?" ಎಂದು ಕೇಳಿದರೆ, "ಹಾಡು ಅರ್ಧಕ್ಕ ನಿಂತರ ಅಪಶಕುನ ಅಲ್ಲೇನ್ರಿ ಅಕ್ಕಾರ" ಎನ್ನುವಳು.

ಅರ್ಧಕ್ಕೆ ಬಿಡಲು ನಂಬಿಕೆ ಬೇಕು. ಇನ್ನೊಬ್ಬಳು ಹಿಡಿದೇ ಹಿಡಿಯುತ್ತಾಳೆ ಅಂತ ಗೊತ್ತಿರುವವಳು ಮಾತ್ರ ಬಿಡುತ್ತಾಳೆ. ಗ್ಯಾನಮ್ಮ ಅದನ್ನು ನನ್ನ ಜೊತೆ ಹೊಲದಲ್ಲಿ ಕಲಿತಳು. ಆಮೇಲೆ ಅದೇ ನಂಬಿಕೆಯನ್ನು ಒಯ್ದು ಗುರುತಿಲ್ಲದ ಜನರ ಮುಂದೆ ಹಾಸಿದಳು. ನನಗೆ ಉರಿದದ್ದು ಬಳೆಗಲ್ಲ, ಗಾಡಿಯ ಮುಂದಿನ ಸೀಟಿಗೂ ಅಲ್ಲ.

ತೊಂಬತ್ತರ ಹೊತ್ತಿಗೆ ಅವರ ಕ್ಯಾಸೆಟ್ ಬಂತು. ಸಿಂಧನೂರಿನ ಮೈದಾನದಲ್ಲಿ ಹಾಡಿದ್ದನ್ನೇ ತುಂಬಿಸಿದ್ದರು. ಬಸ್ಸು, ಟೆಂಪೋ, ಚಹಾದಂಗಡಿ, ಎಲ್ಲಿ ಹೋದರೂ ಅದೇ. ಸಂತೆಕಲ್ಲೂರಿಗೆ ತವರಿಗೆ ಹೊರಟಾಗ ಟೆಂಪೋದಲ್ಲಿ ಅದನ್ನು ಹಾಕಿದರು. ಮೇಕೆ ಮರಿಯನ್ನು ತೊಡೆಯ ಮೇಲಿಟ್ಟುಕೊಂಡ ಮುದುಕನಿಂದ ಹಿಡಿದು ಡ್ರೈವರನ ತನಕ ಎಲ್ಲರೂ ಸಾಲು ಮುಗಿಯುವುದನ್ನೇ ಕಾದು "ನಮದು" ಎಂದರು. ಒಬ್ಬರಿಗೂ ಸರಿಯಾಗಿ ಅನ್ನಲು ಬರುತ್ತಿರಲಿಲ್ಲ.

ಅದೇ ವರ್ಷ ಒಂದು ಮದುವೆಗೆ ನನ್ನನ್ನು ಕರೆದಿದ್ದರು. ಸುರಗಿಯ ಹೊತ್ತಿಗೆ ನಾನೂ ಶೇಖರಮ್ಮನೂ ಚಾಪೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡೆವು. ಮದುಮಗಳ ಸೋದರತ್ತೆ ಬಳೆಗಳನ್ನು ಹಂಚುತ್ತಾ ಬಂದು, "ಕಾಕೂರ, ನಿಮಗ್ಯಾಕ ತ್ರಾಸು? ಗ್ಯಾನಮ್ಮನ ಕ್ಯಾಸೆಟ್ ತರಿಸೀವಿ" ಎಂದಳು. ಟೇಪು ಹಾಕಿದರು. ಅವಳ ದನಿ ಬಂತು, 'ಕೇಳಿರೇ' ಬಂತು. ಸಿಂಧನೂರಿನ ಮೈದಾನವೆಲ್ಲ ಆ ಸಣ್ಣ ಪೆಟ್ಟಿಗೆಯೊಳಗಿಂದ "ನಮದು" ಎಂದಿತು. ನಾನು ಕೂತ ಚಾಪೆಯ ಮೇಲೆಯೇ ತುಟಿ ಅಲುಗಿಸಿದೆ. ಪಕ್ಕದಲ್ಲಿದ್ದ ಒಬ್ಬ ಹುಡುಗಿ ಅದನ್ನು ಕಂಡು ನಕ್ಕು ಕೇಳಿದಳು:

"ದೊಡ್ಡವ್ವ, ನಿಮಗೂ ಬರತೈತೇನು ಈ ಹಾಡು?"

"ಸ್ವಲ್ಪ" ಎಂದೆ.

ಮರುವರ್ಷ ಎಡದಂಡೆ ಮಸ್ಕಿಗೆ ಬಂತು. ತನ್ನ ಊರಿಗೆ ಅವಳು ಏನು ಸಾಲು ಕಟ್ಟುತ್ತಾಳೆ ಅಂತ ಊರೆಲ್ಲ ಮಾತು. ನಾನು ಹೋಗಬಾರದು ಅಂತಲೇ ಇದ್ದೆ. ನಮ್ಮ ಮನೆಯವರು ಬಿಡಲಿಲ್ಲ. "ಹ್ವಾದ ವರ್ಷದಿಂದ ಮಾರಿ ಗಂಟು ಹಾಕ್ಕೊಂಡು ಕುಂತಿ. ನಡಿ, ಮಂದಿ ಏನಂದಾರು" ಎಂದು ಎಬ್ಬಿಸಿದರು. ಹೋದೆವು. ಎಡಕ್ಕೆ ಕೂರಲಿಲ್ಲ, ಬೇಕಂತಲೇ ಬಲಕ್ಕೆ ಕೂತೆ. ಅವಳು ಹಾಡುತ್ತಾ ಎಡಗಡೆಯೆಲ್ಲ ಹುಡುಕಿದಳು. ಕೊನೆಗೆ ಬಲಕ್ಕೆ ತಿರುಗಿ ನನ್ನನ್ನು ಕಂಡು, ಮುರಿದ ಹಲ್ಲು ತೋರಿಸಿ ನಕ್ಕು ಹೊಸ ಸಾಲು ಎತ್ತಿದಳು:

ಮಸ್ಕ್ಯಾಗ ನನ್ನ ಗೆಳತಿ ಮಾರಿ ತಿರುವಿ ಕುಂತಾಳ,
ಮೆಣಸಿನಕಾಯಂಥ ಸಿಟ್ಟು ಯಾರದು ಕೇಳಿರೇ...

"ನಮದು" ಎಂದಿತು ಊರು. ಬಿದ್ದು ಬಿದ್ದು ನಕ್ಕಿತು. ನಮ್ಮ ಮನೆಯವರೂ ಅಂದರು, ನಾನು ಕಿವಿಯಾರೆ ಕೇಳಿದೆ.

ಮೊದಲು ನನ್ನ ಮಾತನ್ನು ತೆಗೆದುಕೊಂಡರು. ಆಯಿತು. ಈಗ ನನ್ನ ಸಿಟ್ಟನ್ನೂ ಊರ ಮಂದಿ ಹಂಚಿಕೊಂಡು ಹೋದರು. ಅವಳು ಅದನ್ನು ಪ್ರೀತಿಯಿಂದ ಹಾಡಿದಳು ಅಂತ ಎಲ್ಲರೂ ಹೇಳಿದರು. ಹಾಡಿರಬಹುದು. ಮರುದಿನ ಮಧ್ಯಾಹ್ನ ಅವಳು ಬಾಗಿಲಿಗೆ ಬಂದಾಗ ನಾನು ಒಳಗಿನಿಂದಲೇ ಹೇಳಿಕಳಿಸಿದೆ, ಪೂಜೆಗೆ ಕೂತಿದ್ದೇನೆ ಅಂತ. ಅವಳಿಗೂ ತಿಳಿಯಿತು. ಅಷ್ಟು ಹೊತ್ತಿನ ತನಕ ಯಾರ ಮನೆಯಲ್ಲೂ ಪೂಜೆ ನಡೆಯುವುದಿಲ್ಲ. ಅವಳು ಮತ್ತೆ ಬರಲಿಲ್ಲ. ಸಂತೆಯಲ್ಲಿ ಎದುರಾದರೆ ಅವಳು ಬದನೆಕಾಯಿ ನೋಡುವಳು, ನಾನು ಈರುಳ್ಳಿ ನೋಡುವೆ.

ಹೀಗೆ ವರ್ಷಗಳು ಹೋದವು. ತೊಂಬತ್ತೈದರಲ್ಲಿ ನಮ್ಮ ಮನೆಯವರು ತೀರಿಕೊಂಡರು. ಅಂಗಡಿಯಲ್ಲಿ ತಕ್ಕಡಿ ಹಿಡಿದುಕೊಂಡೇ ಕುಸಿದರು. ಮಧ್ಯಾಹ್ನ ನಮ್ಮ ಲಿಂಗಾಯತರ ರೂಢಿಯಂತೆ ಅವರ ಹೆಣವನ್ನು ಕೂರಿಸಿ ಭಜನೆ ನಡೆದಿದ್ದಾಗ ಹೊರಗೆ ಎಡದಂಡೆಯ ಗಾಡಿ ನಿಂತಿತು. ಗ್ಯಾನಮ್ಮ ಬಂದು ಹೆಂಗಸರನ್ನು ಸರಿಸಿ ನನ್ನ ಪಕ್ಕದಲ್ಲಿ ಕೂತಳು. ಎಡಕ್ಕೆ ಕೂತಳು. ಬಳೆಗಳನ್ನೆಲ್ಲ ತೆಗೆದಿಟ್ಟು ಬಂದಿದ್ದಳು, ಸದ್ದಾಗಬಾರದು ಅಂತ ಇರಬೇಕು. ಸಂಜೆ ಎದ್ದು ಹೋಗುವಾಗ, "ನಾಳಿ ರೊಟ್ಟಿ ತರತೀನಿ" ಎಂದಳಷ್ಟೆ. ತಂದಳು. ಸೀದಿದ್ದವು. ರೊಟ್ಟಿ ಬಡಿಯುವುದು ನಿಜವಾಗಿಯೂ ಮರೆತಿದ್ದಳು.

ಅಲ್ಲಿಂದ ಮತ್ತೆ ಮಾತು ಸುರುವಾಯಿತು. ಆದರೆ ಸೋಬಾನೆಗೆ ನಾನು ಇನ್ನು ಹೋಗುವ ಹಾಗಿರಲಿಲ್ಲ, ಹಂದರದ ಕೆಳಗೆ ಗಂಡ ಹೋದವಳನ್ನು ಯಾರು ಕೂರಿಸುತ್ತಾರೆ. ಅವಳ ಮೈದಾನವೂ ಸಣ್ಣದಾಗುತ್ತಾ ಬಂದಿತ್ತು. ಮನೆಮನೆಗೆ ಟೀವಿಯ ತಂತಿ ಬಂದಿತ್ತು, ಟೆಂಪೋ ಮಾಡಿಕೊಂಡು ಬರುತ್ತಿದ್ದ ಹುಡುಗರಿಗೆ ಮದುವೆಯಾಗಿ ಮಕ್ಕಳಾಗಿದ್ದವು. ವೆಂಕೋಬ ಕೂದಲು ಕತ್ತರಿಸಿಕೊಂಡು ಅಪ್ಪನ ಅಂಗಡಿಯ ಗಾದಿಯ ಮೇಲೆ ಕೂತ. ನರಸಣ್ಣ ಭತ್ತದ ಗದ್ದೆಗೆ ಇಳಿದ. ಗದ್ದೆಪ್ಪ ಒಂದು ಡ್ರಮ್ಮನ್ನು ಮನೆಗೆ ತಂದುಕೊಂಡು ಅದರಲ್ಲಿ ಜೋಳ ತುಂಬಿಟ್ಟ. ಅವನಿಗೆ ಕೊನೆಗೂ ಅದನ್ನು ತುಂಬಿಸಿದ ಸಮಾಧಾನ.

ಅವಳ ಗಂಟಲು ಒಡೆಯತೊಡಗಿದ್ದು ಅದೇ ಸುಮಾರಿಗೆ. ತಂಬಾಕಿನದ್ದು ಅಂದರು ಕೆಲವರು, ಮೈದಾನಗಳಲ್ಲಿ ಕೂಗಿ ಕೂಗಿ ಹೀಗಾಯಿತು ಅಂದರು ಕೆಲವರು. ರಾಯಚೂರಿಗೆ ಒಯ್ದು ತೋರಿಸಿದರು. ಗಂಟು ಅಂದರಂತೆ. ದನಿ ಹೋಗಿ ಬರೀ ಗಾಳಿ ಉಳಿಯಿತು. ನಾನು ದಿನಾ ಮಧ್ಯಾಹ್ನ ಗಂಜಿ ಒಯ್ಯುತ್ತಿದ್ದೆ. ಹೊಟ್ಟೆಕಿಚ್ಚು ಆರಿತ್ತು ಅಂತ ಬರೆದರೆ ಓದುವವರಿಗೆ ಹಿತವಾಗುತ್ತದೆ. ಆರಿರಲಿಲ್ಲ. ಅವಳ ಗೋಡೆಯ ಮೇಲೆ ಒಂದು ಫೋಟೋ ಇತ್ತು, ಹಟ್ಟಿಯದು. ಎದುರಿಗೆ ಕಾಣುವಷ್ಟೂ ಜನ, ಎಲ್ಲರ ಬಾಯಿಯೂ ತೆರೆದಿತ್ತು. ಗಂಜಿ ಕುಡಿಸುವಾಗಲೂ ನನ್ನ ಕಣ್ಣು ಅತ್ತ ಹೋಗುತ್ತಿತ್ತು.

ತೊಂಬತ್ತೆಂಟರ ಬೇಸಿಗೆ. ಅಂದು ಅವಳು ಗಂಜಿ ಬೇಡವೆಂದಳು. ಫೋಟೋದ ಕಡೆ ನಾನು ನೋಡಿದ್ದನ್ನು ಅವಳೂ ನೋಡಿದಳು. ಹತ್ತಿರ ಬಾ ಅಂತ ಬೆರಳು ಆಡಿಸಿದಳು. ಹೋಗಿ ಎಡಕ್ಕೆ ಕೂತೆ.

"ಅಲ್ಲಿ ಬ್ಯಾಡ. ಈ ಕಡೆ ಬಾ" ಎಂದಳು ಗಾಳಿಯಲ್ಲಿ.

ಎದ್ದು ಬಲಕ್ಕೆ ಹೋಗಿ ಕೂತೆ. ಆ ಕಡೆ ಕೂತು ಅವಳನ್ನು ಹತ್ತಿರದಿಂದ ಸರಿಯಾಗಿ ನೋಡಿದ್ದೇ ಇಲ್ಲ, ಬೇರೆ ಯಾರದೋ ಮುಖದಂತೆ ಕಂಡಿತು.

"ಬೀಗ್ತಿ ಹಾಡು ಎತ್ತಬೇ."

"ನನಗ ಎತ್ತಾಕ ಎಲ್ಲಿ ಬರತೈತಿ ಗ್ಯಾನಿ? ಜನ್ಮೆಲ್ಲ ಬಾಲ ಹಿಡದಾಕಿ ನಾನು. ಮ್ಯಾಲ ನಾ ಈಗ ಸೋಬಾನಿ ಹಾಡಬಾರದು."

"ಬೀಗ್ತಿನ ಬೈಯಾಕ ಕುಂಕುಮ ಬೇಕೇನು?"

ನನಗೆ ನಗು ಬಂತು. ಅವಳು ನಗಲಿಲ್ಲ. ಉಸಿರು ತುಂಬಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ನಾನು ಹಳೇ ರೂಢಿಯಂತೆ ಅವಳ ಉಸಿರನ್ನೇ ನೋಡುತ್ತಾ ಕಾದೆ.

"ನಿನಗ ನನ್ನ ಮ್ಯಾಲ ಹೊಟ್ಟಿಕಿಚ್ಚು. ನನಗ ಗೊತ್ತೈತಿ. ಅವತ್ತಽ ಹೇಳಿದ್ದಿ" ಎಂದಳು. "ನನಗ ಇರಲಿಲ್ಲ ಅಂತ ತಿಳದೇನು? ಹಾಡಿನ ಕೊನೀ ಮಾತು ನೀ ಅಂದಿ. ಲಿಂಗಸೂರಾಗ ಮುದುಕಿ ಅಂದ್ಲು. ಹಟ್ಟಿ ಮಂದಿ ಅಂದ್ರು, ನಿನ್ನ ಗಂಡ ಅಂದ. ಎಲ್ಲಾರೂ ಅಂದ್ರು. ಯಾರದು ಯಾರದು ಅಂತ ಕೇಳಿಕೋತ ಊರೂರು ತಿರುಗಿದೆ. ನಾನೊಬ್ಬಾಕಿ ಒಮ್ಮಿನೂ ಅಂದಿಲ್ಲ ಗುರಮ್ಮ."

ಬಲಗೈ ಎತ್ತಿ ಕಿವಿಗೆ ಕೊಡಲು ಹೋದಳು. ಅದು ಅರ್ಧಕ್ಕೇ ನಿಂತಿತು. ಆ ಕೈಯಿಂದಲೇ ನನ್ನ ಕೈ ಹಿಡಿದು, ನನ್ನ ಕಿವಿಯ ಕಡೆ ತಳ್ಳಿದಳು.

"ಎತ್ತು" ಎಂದಳು. "ಕೊನೀದು ನನಗ ಬಿಡು."